ಮಂಗಳವಾರದ ಎಲೆ

ಮೊನ್ನೆ ಸೊಸೆ ನನ್ನ ಮಂಡಿಗೆ ಹಚ್ಚಲೆಂದು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅತ್ತಾವರದ ನಮ್ಮ ಹಳೇ ಮನೆಯ ಊಟದ ಕೋಣೆ ಕಣ್ಣ ಮುಂದೆ ಬಂತು. ಪಂಕ್ತಿಯ ಕೊನೆಯ ಎಲೆಯ ಮುಂದೆ ಒಬ್ಬ ತೆಳ್ಳನೆಯ ಹುಡುಗ, ಕಾಲಿಗೆಲ್ಲ ಇದೇ ಎಣ್ಣೆ ತಿಕ್ಕಿಕೊಂಡು ಕೂತ ಹಾಗೆ... ಹುಡುಗ ಅಂದೆ. ನಿಜಕ್ಕೂ ಅವರು ನನಗಿಂತ ನಾಲ್ಕೈದು ವರ್ಷ ದೊಡ್ಡವರು.

ಅವರು ನಮ್ಮಲ್ಲಿಗೆ ವಾರಾನ್ನಕ್ಕೆ ಬರುತ್ತಿದ್ದರು. ಯುದ್ಧಕ್ಕೆ ಮುಂಚಿನ ಆ ಕಾಲದಲ್ಲಿ, ಓದಲು ಪೇಟೆಗೆ ಬಂದ ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಣ್ಣುವುದು ವಾಡಿಕೆ. ನಮ್ಮದು ಮಂಗಳವಾರ. ಹಾಗಾಗಿ ನಮ್ಮಲ್ಲಿ ಅವರು ‘ಮಂಗಳವಾರದವರು’, ಫಳ್ನೀರಿನ ವಕೀಲರ ಮನೆಯಲ್ಲಿ ‘ಬುಧವಾರದವರು’. ಶನಿವಾರದ ಮನೆಯವರು ಏನೆಂದು ಕರೆಯುತ್ತಿದ್ದರೋ, ಪಾಪ!

ಅವರದು ಬಿ.ಎ., ಗಣಿತ. ನನ್ನ ಅಣ್ಣನೂ ಅದೇ ತರಗತಿಯಲ್ಲಿ ಕೂತು, ಅರ್ಧಕ್ಕರ್ಧ ಹುಡುಗರ ಹಾಗೆ ತಲೆ ಕೆರೆದುಕೊಳ್ಳುತ್ತಿದ್ದ. ಇವರು ಮಾತ್ರ ಬೆಳಗಾಗುವ ಮೊದಲೇ ಬರಿಗಾಲಿನಲ್ಲಿ ಕಂಕನಾಡಿಯ ಆಚೆಯವರೆಗೆ ಓಡಿ ಬಂದು, ಮತ್ತೆ ಪುಸ್ತಕ ಹಿಡಿಯುತ್ತಿದ್ದರು. ಎರಡೂ ಹೇಗೆ ಮಾರಾಯ ಎಂದು ಅಣ್ಣ ಕೇಳಿದರೆ, “ಓಡುವಾಗ ಲೆಕ್ಕ ಬಿಡಿಸ್ತೇನೆ. ಬರೆಯಲಿಕ್ಕೆ ಮಾತ್ರ ಕೂತುಕೊಳ್ಳುವುದು” ಅಂದಿದ್ದರು. ಉಣ್ಣುವಾಗಲೂ ಅವರ ಎಡಗೈ ಬೆರಳು ನೆಲದ ಮೇಲೆ ಏನನ್ನೋ ಗೀಚುತ್ತಿತ್ತು. ನನಗೆ ನಗು ಬರುತ್ತಿತ್ತು. ಅವರೆಂದರೆ ಇಷ್ಟವೂ ಇತ್ತು, ಈ ವಯಸ್ಸಿನಲ್ಲಿ ಮುಚ್ಚಿಡುವುದೇನು.

ಆ ವರ್ಷ ಮೈದಾನದಿಂದ ಹೊರಟು ಕಂಕನಾಡಿ ಸುತ್ತಿ ಬರುವ ಜಿಲ್ಲೆಯ ದೂರದ ಓಟ ಏರ್ಪಾಡಾಯಿತು. ಗೆದ್ದವನನ್ನು ಮದ್ರಾಸಿನ ಒಂದು ಕಾಲೇಜು ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತದೆ, ಫೀಸು, ಹಾಸ್ಟೆಲು, ಊಟ ಎಲ್ಲ ಕಾಲೇಜಿನದೇ ಎಂದು ಗೊತ್ತಾಯಿತು. ಮಂಗಳವಾರದವರಿಗೆ ಮದ್ರಾಸಿನಲ್ಲಿ ಎಂ.ಎ. ಓದುವುದಕ್ಕೆ ಇದ್ದದ್ದು ಅದೊಂದೇ ದಾರಿ. ಊರಿನಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಅಣ್ಣ ಎದೆ ತಟ್ಟಿ ಹೇಳುತ್ತಿದ್ದ.

ಓಟ ಬಿದ್ದದ್ದು ಮಂಗಳವಾರ ಮಧ್ಯಾಹ್ನ.

ಅಪ್ಪ ದೇವಸ್ಥಾನದ ಅರ್ಚಕರು. ಮಹಾಪೂಜೆ ಮುಗಿದು ಅವರು ಮನೆಗೆ ಬಾರದೆ ನಮ್ಮಲ್ಲಿ ಯಾರಿಗೂ ಎಲೆ ಹಾಕುವ ಕ್ರಮವಿಲ್ಲ. ಅಂದು ಪೂಜೆ ತಡವಾಗಿ, ಓಟಕ್ಕೆ ಒಂದು ಗಂಟೆಯೂ ಇಲ್ಲದಿರುವಾಗ ಎಲೆ ಬಿತ್ತು. ಅಮ್ಮನಿಗೋ ಸಂಭ್ರಮ. ತನ್ನ ಮನೆಯಲ್ಲಿ ಉಂಡ ಹುಡುಗ ಜಿಲ್ಲೆಯ ಓಟದಲ್ಲಿ ಓಡುವುದೆಂದರೆ ಸಾಮಾನ್ಯವೇ? ಹೆಸರುಬೇಳೆ ಪಾಯಸ, ಹೋಳಿಗೆ, ಮೇಲೆ ಕೈ ಬಿಚ್ಚಿ ತುಪ್ಪ.

“ಸಾಕು ಅಮ್ಮಾ, ಓಡಲಿಕ್ಕೆ ಉಂಟು” ಎಂದು ಅವರು ಎಲೆಗೆ ಕೈ ಅಡ್ಡ ಹಿಡಿದರು.

“ಅದಕ್ಕೇ ಹೇಳುವುದು! ಅಷ್ಟು ದೂರ ಓಡುವವನಿಗೆ ಹೊಟ್ಟೆಯಲ್ಲಿ ಎಂತ ಇಲ್ಲದಿದ್ದರೆ ಹೇಗೆ ಮಗಾ?” ಎಂದು ಅಮ್ಮ ಕೈಯ ಸಂದಿಯಿಂದಲೇ ಬಡಿಸಿದಳು. ವಾರಾನ್ನದ ಹುಡುಗ ಸಾಕು ಎಂದರೆ ಅದು ಸಂಕೋಚ ಎಂದೇ ಅವಳ ಎಣಿಕೆ. ಬಡಿಸಿದ್ದನ್ನು ಎಲೆಯಲ್ಲಿ ಬಿಡುವುದಂತೂ ಅಂಥ ಹುಡುಗನಿಗೆ ಸಾಧ್ಯವೇ ಇರಲಿಲ್ಲ. ಅನ್ನ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ. ಅವರು ತಲೆ ತಗ್ಗಿಸಿ ಎಲ್ಲವನ್ನೂ ಉಂಡರು. ಎಡಗೈ ಬೆರಳು ಅಂದು ಏನೂ ಗೀಚಲಿಲ್ಲ.

ಓಟ ನೋಡಲು ಹೋಗಿದ್ದ ಅಣ್ಣ ಸಂಜೆ ಬಾವಿಕಟ್ಟೆಯ ಹತ್ತಿರ ನನಗೊಬ್ಬಳಿಗೇ ಹೇಳಿದ. ಮೊದಲಿಂದಲೂ ಅವರೇ ಮುಂದೆ ಇದ್ದರಂತೆ. ಕಂಕನಾಡಿಯ ಏರಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತರಂತೆ. ಮಾರ್ಗದ ಬದಿಯಲ್ಲಿ ಕೂತು, ಉಂಡದ್ದನ್ನೆಲ್ಲ ಕಾರಿದರಂತೆ. ಉಳಿದವರು ಒಬ್ಬೊಬ್ಬರಾಗಿ ದಾಟಿ ಹೋದರು... ನಾನು ಹಗ್ಗ ಹಿಡಿದುಕೊಂಡು ಹಾಗೇ ನಿಂತಿದ್ದೆ. ಅಳು ಬರಲಿಲ್ಲ. ಕೊಡ ತುಂಬಿಸಿ ಒಳಗೆ ಹೋದೆ.

ಮುಂದಿನ ಮಂಗಳವಾರ ಅವರು ಬರಲಾರರು ಎಂದುಕೊಂಡಿದ್ದೆ. ಬಂದರು.

“ಎಂತ ಆಯ್ತು ಮಗಾ?” ಎಂದು ಅಮ್ಮ ಕೇಳಿದಳು.

“ಕಾಲು ಉಳುಕಿತು ಅಮ್ಮಾ.”

ಅಮ್ಮ ಲೊಚಗುಟ್ಟಿದಳು. ಯಾರದೋ ಕಣ್ಣು ಬಿತ್ತು ಎಂದಳು. ಆಮೇಲೆ ಸಮಾಧಾನಕ್ಕೆಂದು ಮತ್ತೆ ಪಾಯಸ ತಂದಳು. ಅವರು ಸಾಕು ಎನ್ನಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಒಂದು ಸಲ ಅವರ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು, ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಯಿತು. ಸುಮ್ಮನಿರು ಎಂಬಂತೆ ತಲೆ ಅಲ್ಲಾಡಿಸಿ, ಎಲೆ ಬಳಿದು ಉಂಡರು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ಅದನ್ನು ಅಷ್ಟು ಕಷ್ಟಪಟ್ಟು ಪಾಲಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಪರೀಕ್ಷೆಯಲ್ಲಿ ಅವರಿಗೆ ಒಳ್ಳೆಯ ಅಂಕ ಬಂತು. ಮದ್ರಾಸಿಗೆ ಹೋಗಲು ದಾರಿ ಇರಲಿಲ್ಲ. ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿ ಸೇರಿದರು ಎಂದು ಅಣ್ಣ ಹೇಳಿದ. ಓಡುವುದನ್ನು ಬಿಟ್ಟರಂತೆ. ಅಷ್ಟರಲ್ಲಿ ನನ್ನ ಮದುವೆಯಾಯಿತು. ಅದಕ್ಕೂ ನನಗೆ ಅಂಥ ಸಂತೋಷವೋ ದುಃಖವೋ ಆದ ನೆನಪಿಲ್ಲ.

ಅಮ್ಮ ಕೊನೆಯ ಕಾಲದವರೆಗೂ ಬಂದವರಿಗೆಲ್ಲ ಹೇಳುತ್ತಿದ್ದಳು, “ನಮ್ಮಲ್ಲಿ ಒಬ್ಬ ಉಣ್ಣಲಿಕ್ಕೆ ಬರ್ತಿದ್ದ. ಕಾಲೊಂದು ಉಳುಕದಿದ್ದರೆ ಗೆಲ್ತಿದ್ದ ಅವ.” ನಾನು ಹೂಂಗುಟ್ಟುತ್ತಿದ್ದೆ. ಅಣ್ಣನೂ ಹೂಂಗುಟ್ಟುತ್ತಿದ್ದ.

ಅಮ್ಮ ಹೋದಳು. ಅಣ್ಣನೂ ಹೋದ. ಮಂಗಳವಾರದವರು ತೀರಿಕೊಂಡ ಸುದ್ದಿ ಹೋದ ವರ್ಷ ಯಾರದೋ ಬಾಯಲ್ಲಿ ಬಂತು, ಕೇಳಿಸಿಕೊಂಡು ಅಕ್ಕಿ ಆರಿಸುವುದನ್ನು ಮುಂದುವರಿಸಿದೆ. ಇವತ್ತು ಇದನ್ನು ಬರೆಯಬಹುದು ಅನಿಸಿತು. ನಿಜ ಹೇಳಿದರೆ ನೋಯುವವರು ಇನ್ನು ಯಾರೂ ಉಳಿದಿಲ್ಲ.