ಹೆರಿಗೆ ವಾರ್ಡಿನ ಗೋಡೆ ಗಡಿಯಾರ

ನನ್ನ ಅತ್ತಿಗೆ ಕೂತಲ್ಲಿ ಕೂರುವವರಲ್ಲ. ಊಟದ ನಡುವೆ ಎರಡು ಸಲವಾದರೂ ಎದ್ದು, ಒಲೆ ಆರಿಸಿದ್ದಾಗಿದೆಯೇ ಎಂದು ನೋಡಿ ಬರುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ಅವರ ನೌಕರಿ. ಸ್ವಂತ ಸಂಶೋಧನೆ ಎಂಬುದು ಅವರಿಗಿಲ್ಲ. ಇತರರು ಅಳೆದು ತಂದ ಅಂಕಿಗಳಲ್ಲಿ ಕಲ್ಲು ಆರಿಸಿ ಕೊಡುವುದು ಅವರ ಕೆಲಸ.

ಮೂರು ಕಡೆಯ ಅಂಕಿಗಳು ಅವರ ಮೇಜಿಗೆ ಬರುತ್ತವೆ. ಭೌತಶಾಸ್ತ್ರ ವಿಭಾಗದವರು ಛಾವಣಿಯ ಮೇಲೆ ಮೂರು ಪೆಟ್ಟಿಗೆಗಳನ್ನಿಟ್ಟು, ಆಕಾಶದಿಂದ ಇಳಿಯುವ ಕಣಗಳನ್ನು ಹಿಡಿಯುತ್ತಾರೆ. ಭೂಗೋಳದವರು ಉಪಗ್ರಹದ ಚಿತ್ರಗಳಲ್ಲಿ ಯಾವ ದಿನ ಯಾವ ರಸ್ತೆ ನೀರಿನಡಿಯಿತ್ತೆಂದು ಗುರುತಿಸುತ್ತಾರೆ. ಮೂರನೆಯವರು ಹೆರಿಗೆ ಆಸ್ಪತ್ರೆಯ ವೈದ್ಯರು.

"ಜನ ಎರಡು ದೋಣಿ ಮೇಲೆ ಕಾಲಿಟ್ಟು ಮುಳುಗ್ತಾರೆ. ಇವಳು ಮೂರರ ಮೇಲಿಟ್ಟು ಸಂಬಳ ತಗೋತಾಳೆ," ಎಂದು ಅಣ್ಣ ನೆಂಟರ ಮುಂದೆಲ್ಲ ಹೇಳುತ್ತಾನೆ.

"ಮೂರಲ್ಲರೀ, ನಾಲ್ಕು. ನಿಮ್ಮದನ್ನ ಮರೆತ್ರಲ್ಲ. ಅದಕ್ಕಂತೂ ತಳಾನೇ ಇಲ್ಲ," ಎಂಬುದು ಅತ್ತಿಗೆಯ ಉತ್ತರ.

ಮೂರು ವರ್ಷಗಳ ಹಿಂದೆ ಭೂಗೋಳದವರೂ ವೈದ್ಯರೂ ಸೇರಿ ಒಂದು ಅಧ್ಯಯನ ಆರಂಭಿಸಿದರು. ಹೊಳೆಯಾಚೆಯ ಬಡಾವಣೆಗಳಿಂದ ಬರುವ ಗರ್ಭಿಣಿಯರು, ದಂಡೆಯ ರಸ್ತೆ ಮುಳುಗಿದ ದಿನಗಳಲ್ಲಿ ಆಸ್ಪತ್ರೆಗೆ ಎಷ್ಟು ತಡವಾಗಿ ತಲುಪುತ್ತಾರೆ ಎಂಬುದೇ ಪ್ರಶ್ನೆ. ಆಂಬುಲೆನ್ಸಿಗೆ ಫೋನು ಬಂದ ಹೊತ್ತು ಆಂಬುಲೆನ್ಸ್ ಕಚೇರಿಯ ಯಂತ್ರದಲ್ಲಿ ದಾಖಲಾಗುತ್ತದೆ. ವಾರ್ಡಿಗೆ ಬಂದ ಹೊತ್ತನ್ನು ನರ್ಸುಗಳು ಗೋಡೆ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಕಳೆದರೆ ಪ್ರಯಾಣದ ಅವಧಿ ಸಿಗುತ್ತದೆ. ರಸ್ತೆ ಒಣಗಿದ್ದಾಗ ಸರಾಸರಿ ಮೂವತ್ಮೂರು ನಿಮಿಷ, ಮುಳುಗಿದ್ದಾಗ ಐವತ್ತೆರಡು. ಹತ್ತೊಂಬತ್ತು ನಿಮಿಷಗಳ ವ್ಯತ್ಯಾಸ. ಹದಿನೈದು ದಾಟಿದರೆ ಹೊಳೆಯಾಚೆ ಒಂದು ಹೆರಿಗೆ ಕೊಠಡಿ ತೆರೆಯುವುದಾಗಿ ಆರೋಗ್ಯ ಸಮಿತಿ ಲಿಖಿತವಾಗಿ ಒಪ್ಪಿತ್ತು.

ಆ ಕೊಠಡಿಗಾಗಿ ಹತ್ತು ವರ್ಷ ಓಡಾಡಿದವರು ವಾರ್ಡಿನ ಹಿರಿಯ ನರ್ಸು. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ನಿಂತ ಆಂಬುಲೆನ್ಸಿನೊಳಗೆ ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಹೆರಿಗೆ ಮಾಡಿಸಿದವರು ಅವರು.

ವರದಿ ಸಲ್ಲಿಸಲು ಹನ್ನೆರಡು ದಿನ ಉಳಿದಿತ್ತು. ಬುಧವಾರ ಮಧ್ಯಾಹ್ನ, ಪುಸ್ತಕದಲ್ಲಿ ಅಳಿಸಿಹೋದಂತಿದ್ದ ನಾಲ್ಕು ನಮೂದುಗಳನ್ನು ಕಣ್ಣಾರೆ ನೋಡಲು ಅತ್ತಿಗೆ ವಾರ್ಡಿಗೆ ಹೋದರು. ಮಳೆಗಾಲದ ಕೊನೆಯ ವಾರ. ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ತಲೆಯೆತ್ತಿದಾಗ ಗೋಡೆ ಗಡಿಯಾರ ಮೂರು ಇಪ್ಪತ್ನಾಲ್ಕು ತೋರಿಸುತ್ತಿತ್ತು. ಅವರ ಕೈಗಡಿಯಾರದಲ್ಲಿ ಮೂರು ಹತ್ತು.

"ಸಿಸ್ಟರ್, ನಿಮ್ಮ ಗಡಿಯಾರ ಮುಂದಿದೆಯಲ್ಲ?"

"ಮುಂದೆ ಹೋಗಿರೋದಲ್ಲಮ್ಮ, ನಾನೇ ಮುಂದಿಟ್ಟಿರೋದು," ಎಂದು ದೊಡ್ಡ ಸಿಸ್ಟರ್ ನಕ್ಕರು. "ಇಲ್ಲಾಂದ್ರೆ ಈ ಹುಡುಗೀರು ಪಾಳಿಗೆ ಸರಿಯಾಗಿ ಬರ್ತಾರಾ? ಐದು ನಿಮಿಷ ಇಟ್ರೆ ನಾಲ್ಕು ದಿನಕ್ಕೇ ಕಂಡುಹಿಡೀತಾರೆ, ಕಳ್ಳೀರು. ಆಮೇಲೆ ಇನ್ನೆರಡು ತಿರುಗಿಸ್ತೀನಿ."

"ಮಳೆಗಾಲದಲ್ಲಿ?"

"ಮಳೇಲಿ ಇನ್ನೂ ತಡ ಮಾಡ್ತಾರಲ್ಲ. ಅದಕ್ಕೆ ಜಾಸ್ತಿ ತಿರುಗಿಸ್ತೀನಿ."

ಅತ್ತಿಗೆ ಆ ಸಂಜೆ ನಮಗೆ ಇದನ್ನೆಲ್ಲ ಹೇಳಿದರು. ಗಡಿಯಾರ ವರ್ಷವಿಡೀ ಒಂದೇ ಅಳತೆಯಲ್ಲಿ ಮುಂದಿದ್ದರೆ ಚಿಂತೆಯಿರಲಿಲ್ಲ, ವ್ಯತ್ಯಾಸ ಕೆಡುತ್ತಿರಲಿಲ್ಲ. ಆದರೆ ರಸ್ತೆ ಮುಳುಗುವ ತಿಂಗಳುಗಳಲ್ಲೇ ಅದು ಹೆಚ್ಚು ಮುಂದೋಡಿತ್ತು. ಹತ್ತೊಂಬತ್ತರಲ್ಲಿ ಪ್ರವಾಹದ ಪಾಲೆಷ್ಟು, ದೊಡ್ಡ ಸಿಸ್ಟರ ಶಿಸ್ತಿನ ಪಾಲೆಷ್ಟು?

"ಯಾರಿಗೂ ಗೊತ್ತಿಲ್ಲ ತಾನೇ? ಸುಮ್ಮನಿದ್ದುಬಿಡು. ಕೊಠಡಿ ಬಂದ್ರೆ ಯಾರಿಗೇನು ನಷ್ಟ?" ಎಂದ ಅಣ್ಣ.

"ನನಗೆ ಗೊತ್ತಲ್ಲರೀ," ಎಂದು ಅತ್ತಿಗೆ ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆಯತೊಡಗಿದರು.

ಮರುದಿನದಿಂದ ಅವರು ಮನೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತುವರು, ಬಂದ ಕಾರಣ ಮರೆತು ಇಳಿಯುವರು. ದಾರಿ ಹೊಳೆದದ್ದು ಶನಿವಾರ, ಭೌತಶಾಸ್ತ್ರದವರ ಛಾವಣಿಯಲ್ಲಿ. ಅಲ್ಲಿನ ಮೂರು ಪೆಟ್ಟಿಗೆಗಳಿಗೂ ಒಂದೊಂದು ಗಡಿಯಾರವಿದೆ, ಮೂರೂ ಚೂರು ಚೂರು ತಪ್ಪುತ್ತವೆ. ಒಂದೇ ಕಣ ಮೂರನ್ನೂ ತೂರಿ ಹೋದಾಗ ಮೂರೂ ಬರೆದ ಹೊತ್ತನ್ನು ಹೋಲಿಸಿ ಅವರು ತಪ್ಪನ್ನು ತಿದ್ದುತ್ತಾರೆ. ವಾರ್ಡಿನ ಗಡಿಯಾರವನ್ನೂ ಸರಿಯಾದ ಇನ್ನೊಂದು ಗಡಿಯಾರವನ್ನೂ ಹಾಗೆ ಒಟ್ಟಿಗೆ ತೂರಿ ಹೋದದ್ದು ಯಾವುದು?

ವಿದ್ಯುತ್ ಕಡಿತ. ಹಸುಗೂಸುಗಳನ್ನು ಬೆಚ್ಚಗಿಡುವ ತೊಟ್ಟಿಲು ಆರುವುದರಿಂದ ಕರೆಂಟು ಹೋದ ಹೊತ್ತನ್ನು ನರ್ಸುಗಳು ತಪ್ಪದೆ ಬರೆದಿಡುತ್ತಾರೆ. ವಿದ್ಯುತ್ ಕಚೇರಿಯ ಯಂತ್ರವೂ ಬರೆದಿಡುತ್ತದೆ. ಎರಡು ವರ್ಷಗಳಲ್ಲಿ ಅರವತ್ತೇಳು ಕಡಿತಗಳು. ಅತ್ತಿಗೆ ಒಂದೊಂದನ್ನೂ ಜೋಡಿಸಿದರು. ಬೇಸಿಗೆಯಲ್ಲಿ ಗಡಿಯಾರ ಸರಾಸರಿ ಆರು ನಿಮಿಷ ಮುಂದಿತ್ತು; ಮಳೆಗಾಲದಲ್ಲಿ ಹದಿನಾಲ್ಕು. ಮೂವತ್ಮೂರು ಇಪ್ಪತ್ತೇಳಾಯಿತು, ಐವತ್ತೆರಡು ಮೂವತ್ತೆಂಟಾಯಿತು. ವ್ಯತ್ಯಾಸ ಹನ್ನೊಂದು.

ವರದಿ ತಿದ್ದುವ ಮೊದಲು ದೊಡ್ಡ ಸಿಸ್ಟರಿಗೆ ತಾವೇ ಹೇಳಬೇಕೆಂದು ಅವರು ಹಟ ಹಿಡಿದರು. ಜೊತೆಗೆ ನಾನೂ ಹೋಗಿದ್ದೆ. ದೊಡ್ಡ ಸಿಸ್ಟರ್ ಕಾಗದವನ್ನು ಓದಿ, ಮಡಿಸಿ, ಹಿಂದಕ್ಕೆ ಕೊಟ್ಟರು.

"ಹನ್ನೊಂದು ನಿಮಿಷ ಕಡಿಮೆಯಾ? ರಕ್ತ ಹೋಗ್ತಿರೋಳ ಪಕ್ಕ ಕೂತು ಹನ್ನೊಂದು ಎಣಿಸಿದೀಯಾ ನೀನು?"

"ಇಲ್ಲ ಅಕ್ಕ."

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆ. ಅದೂ ನನ್ನ ಕೈಯಿಂದಲೇ." ಕೊನೆಯ ಮಾತನ್ನು ಅವರು ಗಡಿಯಾರವನ್ನು ನೋಡುತ್ತ ಹೇಳಿದರು.

ಅತ್ತಿಗೆ ತಿದ್ದಿದ ವರದಿಯನ್ನೇ ಸಲ್ಲಿಸಿದರು. ಹನ್ನೊಂದು ನಿಮಿಷವೂ ತಾಯಿಗೆ ಅಪಾಯವೇ ಎಂದು ವೈದ್ಯರು ವಾದಿಸಿದರು. ಸಮಿತಿ ಕರಾರಿನ ಹಾಳೆ ತೋರಿಸಿತು. ಕೊನೆಗೆ, ಇನ್ನೊಂದು ಮಳೆಗಾಲ ಸರಿಯಾದ ಗಡಿಯಾರದಲ್ಲಿ ಅಳೆದು ತನ್ನಿ, ಆಮೇಲೆ ನೋಡೋಣ ಎಂದಿತು.

ಐದು ತಿಂಗಳು ದೊಡ್ಡ ಸಿಸ್ಟರ್ ಅತ್ತಿಗೆಯೊಂದಿಗೆ ಮಾತಾಡಲಿಲ್ಲ. ಆರನೆಯ ತಿಂಗಳು ಫೋನು ಬಂತು: "ಬಂದು ನೋಡಿ ಹೋಗಮ್ಮ. ಆಮೇಲೆ ಮತ್ತೆ ನನ್ನ ತಲೆಗೆ ಕಟ್ಟಬೇಡ."

ವಾರ್ಡಿನಲ್ಲಿ ಈಗ ಎರಡು ಗಡಿಯಾರಗಳಿವೆ. ಹಳೆಯದು ನರ್ಸುಗಳು ಒಳಬರುವ ಬಾಗಿಲ ಮೇಲಿದೆ, ಎಂದಿನಂತೆ ಮುಂದೋಡುತ್ತದೆ. ಹೊಸದು ಪುಸ್ತಕದ ಮೇಜಿನ ಎದುರಿದೆ. ಅದಕ್ಕೆ ಬೀಗವಿರುವ ಗಾಜಿನ ಮುಚ್ಚಳ, ಬೀಗದ ಕೈ ಅತ್ತಿಗೆಯ ಚೀಲದಲ್ಲಿ. ಪ್ರತಿ ಸೋಮವಾರ ಹೋಗಿ ಹೊಂದಿಸಿ ಬರುತ್ತಾರೆ.

ಈ ವಾರ ಮೋಡ ಕಟ್ಟಿದೆ. ನಿನ್ನೆ ಸಂಜೆ ಊಟದ ನಡುವೆ ಅತ್ತಿಗೆ ಮೂರು ಸಲ ಎದ್ದು ಕಿಟಕಿಗೆ ಹೋದರು.

"ಒಲೆ ಆ ಕಡೆ ಇಲ್ಲ ಕಣೇ," ಎಂದ ಅಣ್ಣ.

"ರಸ್ತೆ ಮುಳುಗದಿದ್ರೆ ಅಂಕಿ ಸಿಗಲ್ಲ, ಕೊಠಡೀನೂ ಸಿಗಲ್ಲ. ಮುಳುಗಿದ್ರೆ ಆ ದಾರೀಲಿ ಯಾರೋ ಒಬ್ಬಳು ಇರ್ತಾಳೆ," ಎಂದರು ಅತ್ತಿಗೆ. "ಮಳೆ ಬರಲಿ ಅನ್ಲೋ, ಬೇಡ ಅನ್ಲೋ, ನೀವೇ ಹೇಳಿ."

ಅಣ್ಣ ತಟ್ಟೆ ಬಿಟ್ಟೆದ್ದು ಕಿಟಕಿಗೆ ಬಂದ. ಮೊದಲ ಹನಿಗಳು ಗಾಜಿಗೆ ಬಡಿದಾಗ ಅತ್ತಿಗೆ ಕೈಗಡಿಯಾರ ನೋಡಿಕೊಂಡರು. ಏಳು ಗಂಟೆ ಹದಿನೆಂಟು ನಿಮಿಷ.