ಹೆಸರು ಕೆತ್ತಿದ ತಾಟು

ಸ್ಟೀಲಿನ ತಾಟು ಕಲ್ಲಿನ ಮೇಲೆ ಬಿದ್ದು, ತಿರುಗಿ ತಿರುಗಿ ನಿಲ್ಲುವ ಸದ್ದು ಕೇಳಿದರೆ ಈಗಲೂ ನನ್ನ ಕೈ ನಿಂತುಬಿಡುತ್ತದೆ. ಬೆಳಂಬಾರದ ನಮ್ಮ ಕನ್ನಡ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ದಿನವೂ ಕೇಳುತ್ತಿದ್ದ ಸದ್ದು ಅದು. ಅಪ್ಪನಿಗೆ ಕಾರವಾರದಲ್ಲಿ ಸಂಬಳದ ನೌಕರಿ. ಊರಲ್ಲಿ ಮನೆ, ಗದ್ದೆ ನೋಡಿಕೊಳ್ಳುತ್ತಿದ್ದವಳು ಅಮ್ಮ, ನಮ್ಮ ಬಾಯಲ್ಲಿ ಆಯಿ. ನಮ್ಮಂಥ ಮನೆಗಳ ಮಕ್ಕಳು ಹೆಸರು ಕೆತ್ತಿಸಿದ ತಾಟನ್ನು ಮನೆಯಿಂದ ಒಯ್ಯುತ್ತಿದ್ದೆವು. ಕೂಲಿಗೆ ಹೋಗುವವರ ಮಕ್ಕಳಿಗೆ ಶಾಲೆಯ ತಾಟು. ಎರಡು ಸಾಲಾಗಿ ಕೂರಿ ಎಂದು ಅಕ್ಕೋರು ಹೇಳಿದ್ದು ನನಗೆ ನೆನಪಿಲ್ಲ. ಆದರೂ ಸಾಲು ಎರಡಿದ್ದವು.

ಸೋಮಿ ಆಚೆ ಸಾಲಿನವಳು. ಅವಳ ತಾಯಿ ದೇವಮ್ಮ ನಮ್ಮ ಗದ್ದೆಯ ಕೆಲಸಕ್ಕೆ ಬರುತ್ತಿದ್ದಳು. ಅವರ ಮನೆಮಾತು ಬೇರೆ. ಸೋಮಿ ಪಾಠ ಓದಲು ನಿಂತರೆ ನಮ್ಮ ಸಾಲು ನಗುತ್ತಿತ್ತು, ನಾನೂ ನಗುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಾತ್ರ ಇಬ್ಬರೂ ಒಟ್ಟಿಗೆ ಗೇರುಹಣ್ಣು ಚೀಪುತ್ತ ಮನೆಗೆ ಬರುತ್ತಿದ್ದೆವು. ನಾಲ್ಕನೆಯ ತರಗತಿಯಲ್ಲಿ ಒಂದು ದಿನ ಶಾಲೆಯ ತಾಟುಗಳು ಸಾಲದೆ ಅವಳು ಬರಿಗೈಯಲ್ಲಿ ನಿಂತಿದ್ದಳು. ನಾನೇ ಕರೆದೆ. ಒಂದೇ ತಾಟಿನಲ್ಲಿ ಉಂಡೆವು.

ಪಕ್ಕದ ಮನೆಯ ಹುಡುಗಿಯ ಬಾಯಲ್ಲಿ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ದೇವಮ್ಮ ಅಂಗಳದಲ್ಲಿ ಹುಲ್ಲಿನ ಹೊರೆ ಕಟ್ಟುತ್ತಿದ್ದಳು, ಸೋಮಿ ಅವಳ ಪಕ್ಕಕ್ಕೆ ಹೋಗಿ ನಿಂತಿದ್ದಳು. ಆಯಿ ನನ್ನ ಚೀಲದಿಂದ ತಾಟು ಹೊರತೆಗೆದಳು.

“ನೀ ಕರೆದ್ಯಾ, ಅವ್ಳೇ ಬಂದು ಕೈ ಹಾಕಿದ್ಲಾ?”

“ಅವ್ಳೇ,” ಅಂದೆ.

ಆಯಿ ಬೈಯಲಿಲ್ಲ, ಜಾತಿಯ ಮಾತೂ ಎತ್ತಲಿಲ್ಲ. ತಾಟನ್ನು ಬಾವಿಕಟ್ಟೆಯ ಕಲ್ಲಿನ ಮೇಲೆ ಬಿಟ್ಟಳು. ಅದು ತಿರುಗಿ ತಿರುಗಿ ನಿಂತಿತು. “ಇನ್ ಇದು ನಿಂಗೇ ಇರ್ಲಿ, ದೇವಮ್ಮ,” ಅಂದಳು. ದೇವಮ್ಮ ಮಗಳ ಬೆನ್ನಿಗೊಂದು ಬಾರಿಸಿ ತಾಟನ್ನು ಎತ್ತಿಕೊಂಡಳು. ಸೋಮಿ ಅಳಲಿಲ್ಲ, ನನ್ನನ್ನು ನೋಡಿದಳು. ಮರುದಿನದಿಂದ ಅವಳು ಗದ್ದೆಯ ಬದುವಿನ ಮೇಲೆ ಒಬ್ಬಳೇ ಮನೆಗೆ ಹೋದಳು.

ಆಯಿ ಈಗಿಲ್ಲ. ಮನೆ ಬೇರೆಯವರದಾಗಿದೆ, ಬಾವಿ ಮುಚ್ಚಿದ್ದಾರೆ. ನಾನು ಕಾರವಾರದ ಶಾಲೆಯೊಂದರಲ್ಲಿ ಅಕ್ಕೋರು. ಹೋದ ವರ್ಷ ಇಲಾಖೆಯ ಕೆಲಸಕ್ಕೆಂದು ಬೆಳಂಬಾರದ ಶಾಲೆಗೆ ಹೋಗಿದ್ದೆ. ಸಂಬಳದ ಮನೆಗಳ ಮಕ್ಕಳು ಈಗ ವ್ಯಾನು ಹತ್ತಿ ಅಂಕೋಲೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ನನ್ನ ಮಗಳೂ ಕಾರವಾರದಲ್ಲಿ ಅಂಥದೇ ವ್ಯಾನು ಹತ್ತುತ್ತಾಳೆ. ಇಲ್ಲಿ ಉಳಿದದ್ದು ಹದಿನಾಲ್ಕು ಮಕ್ಕಳು, ಒಂದೇ ಸಾಲು. ಅಡುಗೆ ಮಾಡಿ ಬಡಿಸುತ್ತಿದ್ದವಳು ಸೋಮಿ. ಸಾರಿನ ಪಾತ್ರೆಗೆ ಮುಚ್ಚಿದ್ದ ತಾಟನ್ನು ಅವಳು ಎತ್ತಿದಾಗ ಹಬೆಯ ನಡುವೆ, ಅಂಚಿನಲ್ಲಿ, ಸವೆದ ನನ್ನ ಹೆಸರು ಕಂಡಿತು. ನನ್ನ ಕಣ್ಣು ಹೋದಲ್ಲಿಗೆ ಅವಳ ಕಣ್ಣೂ ಹೋಯಿತು.

“ಅವತ್ತು ನೀವೇ ಕರೆದಿದ್ರಿ, ಅಕ್ಕೋರೆ,” ಅಂದಳು. “ನಂಗೆ ನೆನಪದೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮುಂದಿನ ಮಗುವಿನ ಎದುರು ಬಗ್ಗಿ ಸಾರು ಬಡಿಸುತ್ತಿದ್ದಳು.