ಬೂದುಗುಂಬಳ ಒಡೆದ ಸಂಜೆ

ಕತ್ರಿಗುಪ್ಪೆಯ ನಮ್ಮ ಮನೆಯ ಕೆಳಗೆ ಎರಡು ಮಳಿಗೆಗಳಿದ್ದವು. ಒಂದರಲ್ಲಿ ಇಸ್ತ್ರಿ ಅಂಗಡಿ, ಇನ್ನೊಂದರಲ್ಲಿ ಹುಡುಗರು ಗೇಮ್ ಆಡುವ ಜಾಗ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಆ ಮಳಿಗೆಯಲ್ಲಿ ಮೊದಲು ಎಸ್‌ಟಿಡಿ ಬೂತ್ ಇತ್ತು. ಆಮೇಲೆ ಸೈಬರ್ ಕೆಫೆ ಬಂತು. ಇಂಟರ್ನೆಟ್ಟಿಗೆಂದು ಬರುವವರು ಕಡಿಮೆಯಾದಾಗ ಬಾಡಿಗೆದಾರ ಅದೇ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಆಟಕ್ಕೆ ಬಿಟ್ಟ. ಒಳಗೆ ಕೂತವರು ಎರಡು ಗುಂಪಾಗಿ, ತೆರೆಯ ಮೇಲೆ ಬಂದೂಕು ಹಿಡಿದು, ಒಬ್ಬರನ್ನೊಬ್ಬರು ಹುಡುಕಿ ಕೊಲ್ಲುತ್ತಿದ್ದರು. ಸತ್ತವನು ಮುಂದಿನ ಸುತ್ತಿಗೆ ಎದ್ದು ಬರುತ್ತಿದ್ದ.

ನನಗೆ ಆ ಆಟ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೇ ಅವರ ಎಕ್ಸಾಸ್ಟ್ ಫ್ಯಾನಿನ ಕಿಂಡಿ. ನಾನು ಅಕ್ಕಿ ತೊಳೆಯುವಾಗ, ಒಗ್ಗರಣೆ ಹಾಕುವಾಗ, ಆ ಕಿಂಡಿಯಿಂದ ಮಾತು ಮೇಲೆ ಬರುತ್ತಿತ್ತು. ಎಡಗಡೆ ಬಂದ ಮಗಾ, ಬಿಡ್ಬೇಡ ಅವನ್ನ, ಸತ್ತೆ ಗುರು, ಇಂಥವು. ಅದರ ನಡುವೆ ಒಂದು ದನಿ ನಮ್ಮ ಮನೆಯದೇ ಆಗಿತ್ತು. ನನ್ನ ಮೈದುನನದು. ಇಂಜಿನಿಯರಿಂಗ್ ಓದುತ್ತಿದ್ದ ಅವನು ಮನೆಯಲ್ಲಿ ಎಷ್ಟು ಮೆಲ್ಲಗೆ ಮಾತಾಡುತ್ತಿದ್ದನೆಂದರೆ, ಸಾರು ಬೇಕೋ ಬೇಡವೋ ಎಂಬುದನ್ನು ಕೂಡ ನಾನು ಎರಡು ಸಲ ಕೇಳಿ ತಿಳಿದುಕೊಳ್ಳಬೇಕಾಗಿತ್ತು. ಕೆಳಗಿನ ಕಿಂಡಿಯಿಂದ ಬರುವ ದನಿಗೂ ಊಟದ ತಟ್ಟೆಯ ಮುಂದೆ ಕೂತವನ ದನಿಗೂ ನನಗೆ ಹೊಂದಾಣಿಕೆಯೇ ಆಗುತ್ತಿರಲಿಲ್ಲ. ಅವನು ಅಲ್ಲಿಗೆ ಹೋಗುವುದು ಮಾವನವರಿಗೆ ಗೊತ್ತಿರಲಿಲ್ಲ. ಜಯನಗರದಲ್ಲಿ ಸ್ನೇಹಿತನ ಜೊತೆ ಕೂತು ಓದುತ್ತಾನೆಂದು ಅವರು ನಂಬಿದ್ದರು.

ಮಾವ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಬಡಾವಣೆಯ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಒಂದು ದಿನ ಫ್ಯೂಸ್ ಹೋಯಿತೆಂದು ಕೆಳಗೆ ಹೋದವರು ಮಳಿಗೆಯೊಳಗೆ ಬಹಳ ಹೊತ್ತು ನಿಂತಿದ್ದು ಮೇಲೆ ಬಂದರು. ತಲೆಗೆ ಗುರಿಯಿಟ್ಟು ಹೊಡೆದರೆ ಒಂದೇ ಏಟಿಗೆ ಸಾಯುತ್ತಾರಂತೆ, ಹೆಡ್‌ಶಾಟ್ ಎಂದು ಕೂಗಿ ಹುಡುಗರು ಚಪ್ಪಾಳೆ ತಟ್ಟುತ್ತಾರೆ ಎಂದು ಅತ್ತೆಗೆ ಹೇಳಿದರು. ಅಂದಿನಿಂದ ಅವರಿಗೆ ಅದೇ ಚಿಂತೆ. ತಮ್ಮ ಬಾಡಿಗೆದಾರನನ್ನು ಖಾಲಿ ಮಾಡಿಸುವುದು ಅವರಿಗೆ ದೊಡ್ಡ ವಿಷಯವಾಗಿರಲಿಲ್ಲ. ಇಲ್ಲಿಂದ ಎದ್ದವನು ಮುಂದಿನ ಕ್ರಾಸಿನಲ್ಲಿ ಕೂರುತ್ತಾನೆ, ಈ ಆಟಗಳನ್ನೇ ನಿಲ್ಲಿಸಬೇಕು, ಪೊಲೀಸರಿಗೆ, ಮಂತ್ರಿಗಳಿಗೆ ಬರೆಯಬೇಕು ಎನ್ನುತ್ತಿದ್ದರು.

ಬಾಡಿಗೆದಾರ ಹನುಮಂತನಗರದ ಕಡೆಯವನು, ಬಾಯಿ ಚುರುಕು. "ಲಾಂಗು ಮಚ್ಚು ಹಿಡಿಯೋ ಸಿನಿಮಾಗೆ ಸರ್ಟಿಫಿಕೇಟ್ ಕೊಡ್ತಾರಲ್ಲ ಸಾರ್, ನಮ್ಗೂ ಒಂದು ಕೊಡಿಸಿ," ಎಂದ.

"ಕೊಡಿಸ್ತೀನಿ. ಬಾಗಿಲಿಗೆ ಅಂಟಿಸಿ ಮೇಲೊಂದು ಬೀಗಾನೂ ಹಾಕಿಸ್ತೀನಿ," ಎಂದರು ಮಾವ.

ನಾನು ಆಗ ಮಾವನವರ ಕಡೆಯೇ ಇದ್ದೆ. ಕಿಂಡಿಯಿಂದ ಬರುವ ಆ ದನಿ ನನ್ನನ್ನು ಒಲೆಯ ಮುಂದೆ ನೆಮ್ಮದಿಯಾಗಿ ನಿಲ್ಲಲು ಬಿಡುತ್ತಿರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆಯಿಂದ ನಮ್ಮ ರಸ್ತೆಯಲ್ಲಿ ಗಾಡಿ ತೊಳೆಯುವ ನೀರು ಹರಿಯುತ್ತಲೇ ಇತ್ತು. ಗೇಟುಗಳಿಗೆ ಬಾಳೆಕಂದು ಕಟ್ಟಿದ್ದರು. ಕೆಳಗಿನ ಮಳಿಗೆಯಲ್ಲೂ ಪೂಜೆಯಾಯಿತು. ಪ್ರತಿ ಕಂಪ್ಯೂಟರಿನ ನೆತ್ತಿಗೂ ಕುಂಕುಮ, ಕೀಲಿಮಣೆಯ ಮೇಲೆ ಚೆಂಡುಹೂವು. ಅತ್ತೆಯ ಕೈಗೆ ಕಡ್ಲೆಪುರಿಯ ಪೊಟ್ಟಣ ಕೊಡಲು ಬಂದ ಬಾಡಿಗೆದಾರ, ಇವತ್ತು ಆಟ ಇಲ್ಲ, ಪೂಜೆಗಿಟ್ಟದ್ದನ್ನು ನಾಳೆವರೆಗೂ ಮುಟ್ಟುವುದಿಲ್ಲ ಎಂದು ಹೇಳಿ ಹೋದ. ಮಾವನವರಿಗೆ ಅದು ಸ್ವಲ್ಪ ಸಮಾಧಾನ ಕೊಟ್ಟಿತು.

ಸಂಜೆ ಬೆಳಕು ಇಳಿಯುವ ಹೊತ್ತಿಗೆ ಮಾವ ತಮ್ಮ ಸ್ಕೂಟರಿಗೆ ಪೂಜೆ ಮಾಡಿದರು. ನಾನು ಮೇಲೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೂದುಗುಂಬಳದ ನೆತ್ತಿಯನ್ನು ಚೌಕವಾಗಿ ಕತ್ತರಿಸಿ, ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ, ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ನಿವಾಳಿಸಿ ರಸ್ತೆಯ ನಡುವೆ ಅಪ್ಪಳಿಸಿದರು. ಕಾಯಿ ಒಡೆದ ಸದ್ದು ಗಟ್ಟಿಯಾಗಿ, ಆದರೆ ಒದ್ದೆಯಾಗಿ ಬಂತು. ಕುಂಕುಮದ ಕೆಂಪು ತಿರುಳಿನ ಜೊತೆ ಚೆಲ್ಲಿತು. ಮಕ್ಕಳು ಕಾಸು ಆರಿಸಿಕೊಂಡು ಓಡಿದರು.

ಪ್ರತಿ ವರ್ಷ ಕಾಯಿ ಒಡೆದ ಮೇಲೆ ಮಾವ ಹೋಳುಗಳನ್ನು ಮೋರಿಯ ಬದಿಗೆ ತಳ್ಳುತ್ತಿದ್ದರು. ಆ ದಿನವೂ ಬಗ್ಗಿದರು. ಅಷ್ಟರಲ್ಲಿ ಅರ್ಧ ಇಳಿಸಿದ್ದ ಶಟರಿನ ಹಿಂದಿನಿಂದ ಗುಂಡಿನ ಸದ್ದು ಬಂತು, ಹುಡುಗರ ಕೂಗು ಬಂತು. ಬಾಡಿಗೆದಾರ ಮಾತು ತಪ್ಪಿದ್ದ. ಮಾವ ನೆಟ್ಟಗೆ ನಿಂತರು. ಹೋಳುಗಳನ್ನು ಅಲ್ಲೇ ಬಿಟ್ಟು ಶಟರಿನ ಕೆಳಗೆ ಬಗ್ಗಿ ಒಳಗೆ ಹೋದರು. ಅವರು ಬೈಯುವುದು ನನಗೆ ಮೇಲೆ ಕೇಳಿಸುತ್ತಿತ್ತು.

ಆಗ ತಿರುವಿನಿಂದ ಒಂದು ಬೈಕ್ ಬಂತು. ಜೋರಾಗಿ ಬರಲಿಲ್ಲ. ಓಡಿಸುತ್ತಿದ್ದವನ ತಲೆಗೆ ಹೆಲ್ಮೆಟ್ ಇರಲಿಲ್ಲ. ಮುಂದಿನ ಗಾಲಿ ತಿರುಳಿನ ಮೇಲೆ ಹತ್ತಿತು, ಪಕ್ಕಕ್ಕೆ ಜಾರಿತು. ಬೈಕ್ ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ. ಅವನ ಹಣೆ ಮೋರಿಯ ಚಪ್ಪಡಿಯ ಅಂಚಿಗೆ ಬಡಿಯಿತು. ಆ ಸದ್ದನ್ನು ನಾನು ಸ್ವಲ್ಪ ಹೊತ್ತಿನ ಹಿಂದಷ್ಟೇ ಕೇಳಿದ್ದೆ. ಕೈಯಲ್ಲಿದ್ದ ಬಟ್ಟೆಗಳನ್ನು ಎದೆಗೊತ್ತಿಕೊಂಡು ನಿಂತುಬಿಟ್ಟೆ. ಮಸುಕು ಬೆಳಕಿನಲ್ಲಿ ಆ ಕೆಂಪಿನಲ್ಲಿ ಯಾವುದು ಕುಂಕುಮ, ಯಾವುದು ರಕ್ತ ಎಂದು ತಿಳಿಯುತ್ತಿರಲಿಲ್ಲ.

ಅಪ್ಪನ ಕಣ್ಣಿಗೆ ಬೀಳದಂತೆ ಶಟರಿನ ಕೆಳಗಿಂದ ನುಸುಳಿ ಮೊದಲು ಹೊರಗೆ ಬಂದವನು ನನ್ನ ಮೈದುನ. ನೆಟ್ಟಗಾಗಿ, ಬಿದ್ದವನನ್ನು ನೋಡಿದ. "ಹೆಡ್‌ಶಾಟ್," ಎಂದ.

ನಗಲಿಲ್ಲ, ಕೂಗಲಿಲ್ಲ. ಕ್ರಿಕೆಟ್ಟಿನಲ್ಲಿ ಔಟಾಯಿತೆಂದು ಪಕ್ಕದವನಿಗೆ ಹೇಳುತ್ತೇವಲ್ಲ, ಆ ದನಿ. ಮರುಕ್ಷಣ ಓಡಿದ. ಹಬ್ಬಕ್ಕೆಂದು ಬೆಳಿಗ್ಗೆ ತೊಟ್ಟಿದ್ದ ಹೊಸ ಅಂಗಿಯನ್ನು ಗುಂಡಿ ಬಿಚ್ಚದೆ ತಲೆಯ ಮೇಲಿಂದ ಎಳೆದು, ಮಡಿಸಿ, ಬಿದ್ದವನ ಹಣೆಗೆ ಒತ್ತಿ ಹಿಡಿದ. ಆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಆಟೋ ಬರುವವರೆಗೂ ಒತ್ತಿದ ಕೈ ತೆಗೆಯಲಿಲ್ಲ. ಮಾವ ಹೊರಗೆ ಬಂದಾಗ ಅವರಿಗೆ ಕಂಡದ್ದು ಇಷ್ಟು: ರಸ್ತೆಯಲ್ಲಿ ಬರಿಮೈಯಲ್ಲಿ ಕೂತ ತಮ್ಮ ಮಗ. ಬಿದ್ದವನ ಜೊತೆ ಅವನೇ ಆಟೋ ಹತ್ತಿ ಬನಶಂಕರಿಯ ಆಸ್ಪತ್ರೆಗೆ ಹೋದ.

ಮೊದಲ ಮಾತು ಕೇಳಿಸಿಕೊಂಡದ್ದು ನಾನೊಬ್ಬಳೇ ಅಲ್ಲ. ಎದುರು ಮನೆಯ ಗೇಟಿನ ಹಿಂದೆ ಸಂಘದ ಕಾರ್ಯದರ್ಶಿಗಳಿದ್ದರು. ಅವರಿಗೆ ಮಾತು ಕೇಳಿಸಿತ್ತು, ಆಡಿದವನು ಯಾರೆಂದು ಕಂಡಿರಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಸುದ್ದಿ ಬೇರೆಯಾಗಿತ್ತು. ಗೇಮ್ ಆಡುತ್ತಿದ್ದ ಹುಡುಗರು ಹೊರಗೆ ಬಂದು, ದಾರಿಯಲ್ಲಿ ಹೋಗುತ್ತಿದ್ದವನ ತಲೆಗೆ ಹೊಡೆದರಂತೆ, ಹೊಡೆದು ಹೆಡ್‌ಶಾಟ್ ಎಂದು ಕೂಗಿದರಂತೆ. ಸಂಜೆಯ ಹೊತ್ತಿಗೆ ಕಾರ್ಯದರ್ಶಿಗಳು ನಮ್ಮ ಮನೆಗೇ ಬಂದರು. ಮಳಿಗೆ ಮುಚ್ಚಿಸಲು, ಬಡಾವಣೆಯಲ್ಲಿ ಇಂಥ ಆಟಗಳಿಗೆ ಅವಕಾಶವೇ ಕೊಡದಂತೆ ಕೇಳಲು ಇದಕ್ಕಿಂತ ಒಳ್ಳೆಯ ಕಾರಣ ಸಿಗುವುದಿಲ್ಲ, ಪೊಲೀಸರಿಗೆ ದೂರು ಕೊಡೋಣ, ಬಾಲ್ಕನಿಯಲ್ಲಿದ್ದ ಮೇಡಂ ಸಾಕ್ಷಿ ಹೇಳಲಿ ಎಂದರು. ಹೊಡೆದದ್ದನ್ನು ನಾನು ನೋಡಿಲ್ಲ ಎಂದೆ.

"ಹೊಡೆದ್ರೋ ಬಿಟ್ರೋ ಮೇಡಂ, ಆ ಮಾತು ಅಂದಿದ್ದು ನಿಜ ತಾನೆ? ಅಂದವನು ಯಾರು ಅಂತ ಪೊಲೀಸಿನೋರು ಹುಡುಕ್ಲಿ."

ದೂರಿನ ವಿಷಯಕ್ಕೆ ಭಾನುವಾರ ಸಂಘದ ಸಭೆ ಎಂದು ನಿಗದಿಯಾಯಿತು. ಮೈದುನ ಆಗ ರೂಮಿನೊಳಗಿದ್ದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಅವರು ಹೋದ ಮೇಲೆ ಅವನು ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಂತ. "ನೀವು ಕೇಳಿಸ್ಕೊಂಡ್ರಾ ಅತ್ತಿಗೆ?"

ಹೂಂ ಎಂದೆ.

"ಅನ್ಬೇಕು ಅಂತ ಅನ್ಲಿಲ್ಲ. ಅದು ಬಾಯಿಗೆ ಬಂದ್ಬಿಟ್ಟಿತ್ತು. ಆಮೇಲೆ ನೋಡ್ದೆ, ಯಾರೋ ಮನುಷ್ಯ ಅಂತ."

ನನ್ನನ್ನು ಹೆದರಿಸಿದ್ದು ಆ ಕೊನೆಯ ಮಾತು. ಅವನನ್ನು ಪೊಲೀಸರು ಕರೆದೊಯ್ಯುತ್ತಾರೆಂಬ ಹೆದರಿಕೆ ಒಂದು ಕಡೆ ಇತ್ತು. ಅದು ನನಗೆ ಅರ್ಥವಾಗುವ ಹೆದರಿಕೆ. ಇದು ಬೇರೆ. ನೋಡುವುದಕ್ಕೂ ಮನುಷ್ಯನೆಂದು ತಿಳಿಯುವುದಕ್ಕೂ ನಡುವೆ ಅವನಲ್ಲಿ ಒಂದು ಸಂದು ಆಗಿತ್ತು. ಎಷ್ಟೇ ಸಣ್ಣದಿರಲಿ, ಅದು ಆಟದಿಂದ ಆದದ್ದೋ, ಎಲ್ಲರಲ್ಲೂ ಇರುವುದೋ? ನನ್ನಲ್ಲೂ ಇದ್ದಿರಬಹುದು. ತಲೆ ಚಪ್ಪಡಿಗೆ ಬಡಿದಾಗ ನನಗೆ ಮೊದಲು ಹೊಳೆದದ್ದು ಬೂದುಗುಂಬಳ. ಅವನಿಗೆ ಊಟ ಮಾಡು ಎಂದೆ. ಮಾಡಲಿಲ್ಲ.

ಸಭೆಯ ಹಿಂದಿನ ದಿನ ಮಾವನವರ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಗಾಯಗೊಂಡವನು ಗದಗಿನ ಕಡೆಯ ಯುವಕ, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ. ಹಬ್ಬದೂಟಕ್ಕೆ ನಮ್ಮ ಬಡಾವಣೆಯಲ್ಲಿದ್ದ ಅಕ್ಕನ ಮನೆಗೆ ಹೊರಟಿದ್ದನಂತೆ. ಹಣೆಗೆ ದಪ್ಪ ಬ್ಯಾಂಡೇಜು, ಆದರೆ ಎದ್ದು ಕೂತಿದ್ದ. ಯಾರು ಹೊಡೆದರೆಂದು ಮಾವ ಕೇಳಿದರು.

"ಹೊಡೆಯೋದು ಎಲ್ಲೀದ್ರಿ ಸರ. ಕುಂಬಳಕಾಯಿ ಮ್ಯಾಲ ಗಾಲಿ ಜಾರಿತು. ನಿಮ್ಮ ಬೆಂಗಳೂರಾಗ ದೃಷ್ಟಿ ತೆಗಿಯೋದು ಗಾಡಿಗಿ, ತಗಲೋದು ದಾರ್ಯಾಗ ಬರೋರಿಗೆ." ನಗಲು ಹೋಗಿ ಹೊಲಿಗೆ ಎಳೆದಂತಾಗಿ ಮುಖ ಹಿಂಡಿಕೊಂಡ. ಆಮೇಲೆ ಕೇಳಿದ, "ಅಂಗಿ ಬಿಚ್ಚಿ ಹಿಡದಿದ್ದ ಹುಡುಗ ಯಾರ್ರೀ? ದಾರಿ ತುಂಬಾ ಮಲಗಬ್ಯಾಡ ಅಣ್ಣಾ, ಮಲಗಬ್ಯಾಡ ಅಂತ ಮಾತಾಡಸ್ಕೋತ ಬಂದ. ಅಂವಗ ಒಂದ್ ಹೊಸಾ ಅಂಗಿ ಕೊಡಸಬೇಕು."

ಮಾವ ತಂದಿದ್ದ ಹಣ್ಣನ್ನು ಮಂಚದ ಪಕ್ಕ ಇಟ್ಟು ಎದ್ದರು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ, ನನ್ನ ಕಡೆ ನೋಡದೆ ಕೇಳಿದರು. ಆ ಸಂಜೆ ನಮ್ಮ ಕ್ರಾಸಿನಲ್ಲಿ ಅನೇಕರು ಕಾಯಿ ಒಡೆದಿದ್ದರು.

"ಯಾರ ಮನೆ ಕಾಯಮ್ಮ ಅದು? ನೀನು ಮೇಲಿಂದ ನೋಡ್ತಿದ್ದೆಯಲ್ಲ."

"ನಮ್ಮದೇ ಮಾವ. ನೀವು ತಳ್ಳಕ್ಕೆ ಬಗ್ಗಿದ್ರಿ, ಅಷ್ಟರಲ್ಲಿ ಒಳಗೆ ಹೋದ್ರಿ."

ಒಂದು ಬಸ್ಸು ಬಂತು, ಹತ್ತಲಿಲ್ಲ. ಅರ್ಧ ಹೇಳಿ ನಿಲ್ಲಿಸುವುದು ನನ್ನಿಂದಾಗಲಿಲ್ಲ. ಇನ್ನೊಂದಿದೆ ಎಂದು, ಆ ಮಾತು ಆಡಿದವನು ಯಾರೆಂಬುದನ್ನೂ ಹೇಳಿದೆ. ಅವನು ಆ ಜಾಗಕ್ಕೆ ಮೊದಲಿಂದಲೂ ಹೋಗುತ್ತಿದ್ದನೆಂದೂ, ನನ್ನ ಕಿಟಕಿಗೆ ಅದು ಕೇಳಿಸುತ್ತಿತ್ತೆಂದೂ ಹೇಳಿದೆ. ಅವರು ಬೈಯಲಿಲ್ಲ. ಮನೆ ತಲುಪಿದಾಗ ಗೇಟಿನ ಹತ್ತಿರ ರಸ್ತೆಗೆ ಒಣಗಿ ಅಂಟಿಕೊಂಡಿದ್ದ ಸಿಪ್ಪೆಯೊಂದನ್ನು ಚಪ್ಪಲಿಯ ತುದಿಯಿಂದ ಕೆರೆದು ನೋಡಿದರು. ಅದು ಬಿಡಲಿಲ್ಲ.

ಸಭೆ ಪಾರ್ಕಿನ ಪಕ್ಕದ ಕೊಠಡಿಯಲ್ಲಿ ನಡೆಯಿತು. ಮೈದುನನೂ ಬಂದು ಹಿಂದೆ ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ಕೇಳುವ ಮೊದಲೇ ಮಾವ ಎದ್ದರು. ಹೊಡೆದದ್ದು ಸುಳ್ಳು, ಗಾಡಿ ಜಾರಿದ್ದು ತಾವು ಒಡೆದು ಹಾಗೇ ಬಿಟ್ಟ ಕಾಯಿಯಿಂದ ಎಂದರು. ಅಲ್ಲಿಗೆ ಕೂರುತ್ತಾರೆಂದುಕೊಂಡೆ. ಕೂರಲಿಲ್ಲ.

"ಆ ಮಾತು ಅಂದಿದ್ದು ನನ್ನ ಮಗ. ರಕ್ತ ನಿಲ್ಸಿದ್ದೂ ಅವನೇ. ಆ ಆಟ ಇರಬಾರದು ಅಂತ ನಾನು ಈಗಲೂ ಹೇಳ್ತೀನಿ. ಈ ಘಟನೆ ಹೆಸರಲ್ಲಿ ಮಾತ್ರ ಹೇಳಲ್ಲ."

"ಹಂಗಾದ್ರೆ ಕುಂಬಳಕಾಯಿನೂ ಬ್ಯಾನ್ ಮಾಡಿಸೋಣ ಬಿಡಿ ಸಾರ್," ಎಂದರು ಕಾರ್ಯದರ್ಶಿಗಳು. ನಾಲ್ಕಾರು ಜನ ನಕ್ಕರು. ಮಾವ ನಗಲಿಲ್ಲ. ಅವರು ಅದನ್ನು ನಿಜವಾಗಿಯೇ ಯೋಚಿಸುತ್ತಿದ್ದಂತೆ ಕಂಡಿತು. ದೂರಿನ ವಿಷಯ ಅಲ್ಲಿಗೆ ನಿಂತಿತು. ಹಿಂದಕ್ಕೆ ತಿರುಗಿ ನೋಡಿದರೆ ಗೋಡೆಯ ಹತ್ತಿರ ಮೈದುನ ಇರಲಿಲ್ಲ.

ಇಂಥ ಆಟಗಳನ್ನು ನಿಷೇಧಿಸಬೇಕೇ ಎಂಬ ಮಾತು ಆಮೇಲೆಯೂ ನಮ್ಮ ಮನೆಯಲ್ಲಿ ಎಷ್ಟೋ ಸಲ ಬಂದಿದೆ. ಮಾವ ಬೇಕು ಎನ್ನುತ್ತಾರೆ, ನನ್ನ ಗಂಡ ಆಗದ ಮಾತು ಎನ್ನುತ್ತಾರೆ. ನನ್ನನ್ನು ಕೇಳಿದರೆ ನಾನು ಕಂಡದ್ದನ್ನೇ ಮತ್ತೆ ಹೇಳುತ್ತೇನೆ, ಅದು ಇಬ್ಬರಿಗೂ ಉಪಯೋಗಕ್ಕೆ ಬರುವುದಿಲ್ಲ. ಆ ಮಾತನ್ನು ಬಿಟ್ಟು ಅಂಗಿಯನ್ನಷ್ಟೇ ಹೇಳಲು ನನಗಾಗುವುದಿಲ್ಲ, ಅಂಗಿಯನ್ನು ಬಿಟ್ಟು ಮಾತನ್ನಷ್ಟೇ ಹೇಳಲೂ ಆಗುವುದಿಲ್ಲ.

ಮೈದುನ ಕೆಲವು ವಾರ ಕೆಳಗೆ ಹೋಗಲಿಲ್ಲ. ಆಮೇಲೆ ಒಂದು ದಿನ, ಅಪ್ಪನಿಗೆ ಹೇಳಿಯೇ ಹೋದ. ಮಾವ ಪೇಪರಿನಿಂದ ಕಣ್ಣು ತೆಗೆಯದೆ ಹೂಂ ಎಂದರು. ಡಿಸೆಂಬರಿನ ಚಳಿಯಲ್ಲೂ ನಾನು ಅಡುಗೆಮನೆಯ ಕಿಟಕಿ ತೆರೆದೇ ಇಡುತ್ತಿದ್ದೆ. ಸುಮಾರು ದಿನ ಅವನ ದನಿಯೇ ಬರಲಿಲ್ಲ, ಉಳಿದವರದು ಮಾತ್ರ. ಸುಮ್ಮನೆ ಆಡುತ್ತಿದ್ದಾನಲ್ಲ ಎಂದು ಸಮಾಧಾನಪಡಲು ನೋಡಿದೆ. ಆಗಲಿಲ್ಲ. ಒಂದು ಸಂಜೆ ಕಿಂಡಿಯಿಂದ ಹೆಡ್‌ಶಾಟ್ ಎಂಬ ಆ ಮಾತು ಬಂತು. ಅವನದೇ ದನಿ, ಅದೇ ಏರಿಳಿತವಿಲ್ಲದ ದನಿ. ನಾನು ಒಲೆ ಆರಿಸಿ ಕಿವಿಗೊಟ್ಟು ನಿಂತೆ. ಉಳಿದವರ ಆಟ ಇನ್ನೂ ನಡೆಯುತ್ತಿತ್ತು. ಕುರ್ಚಿ ಹಿಂದಕ್ಕೆ ಎಳೆದ ಸದ್ದಾಯಿತು, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಅವನು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತಾ ಏನೋ ಹೇಳಿದ. ಎಂದಿನಂತೆ ಮೆಲ್ಲಗೆ. ನನಗೆ ಕೇಳಿಸಲಿಲ್ಲ.

ಏನಂದೆ ಎಂದು ಮತ್ತೆ ಕೇಳಿದೆ.